ಜೀವ ಹೋದ ಜಾಗದಲ್ಲೇ ಮರಣ ಪತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಮರಣ ಪ್ರಮಾಣಪತ್ರದ್ದೇ ಜಾಸ್ತಿ. ಹಂಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇದೊಂದನ್ನೇ ಹಿಡ್ಕೊಂಡಿದ್ದೀನಿ. ಹೆಸರು ಹಾಕ್ಬೇಡಿ ಅಂತ ಕೇಳಿದ್ದಾರೆ, ಯಾರದ್ದೂ ಹಾಕಿಲ್ಲ, ತಾಲೂಕು ಮಾತ್ರ ಇದೆ.

ಪ್ರಶ್ನೆ (ಬೇಲೂರು ತಾಲೂಕಿಂದ): ನಮ್ಮಮ್ಮಂಗೆ ಸ್ಟ್ರೋಕ್ ಆಗಿ ಚಿಕ್ಕಮಗಳೂರಿನ ಒಂದು ಪ್ರೈವೇಟ್ ಆಸ್ಪತ್ರೆಗೆ ಸೇರಿಸಿದ್ವಿ, ಮೂರನೇ ದಿನ ತೀರ್ಕೊಂಡ್ರು. ಊರಿಗೆ ತಂದು ನಮ್ಮ ತೋಟದಲ್ಲೇ ಮಣ್ಣು ಮಾಡಿದ್ವಿ. ತಿಥಿ ಎಲ್ಲಾ ಮುಗಿದ ಮೇಲೆ ನಮ್ಮೂರ ವಿಎ (ಗ್ರಾಮ ಲೆಕ್ಕಿಗರು, ಈಗಿನ ಗ್ರಾಮ ಆಡಳಿತಾಧಿಕಾರಿ) ಹತ್ರ ಹೋದ್ರೆ ಇಲ್ಲಿ ಬರಲ್ಲ ಅಂದ್ರು, ಆಸ್ಪತ್ರೆಗೆ ಹೋದ್ರೆ ನಿಮ್ಮೂರಲ್ಲೇ ಮಾಡಿಸ್ಕೊಳ್ಳಿ ಅಂದ್ರು. ಈಗ 45 ದಿನ ಆಗಿದೆ. ಲೇಟಾಯ್ತು ಇನ್ನು ಕೋರ್ಟಿಗೇ ಹೋಗ್ಬೇಕು ಅಂತ ಒಬ್ರು ಹೆದರಿಸಿದ್ದಾರೆ, 6000 ಕೊಡಿ ನಾನು ಮಾಡಿಸ್ಕೊಡ್ತೀನಿ ಅಂತ ಇನ್ನೊಬ್ರು ಹಿಂದೆ ಬಿದ್ದಿದ್ದಾರೆ. ಅಮ್ಮನ ಹೆಸರಲ್ಲಿ 1 ಎಕರೆ 20 ಗುಂಟೆ ಜಮೀನಿದೆ, ಬ್ಯಾಂಕಲ್ಲಿ ಸ್ವಲ್ಪ ದುಡ್ಡಿದೆ. ಏನ್ ಮಾಡ್ಲಿ?

ಉತ್ತರ: ಮೊದಲು ಆ 6000 ನಿಮ್ಮ ಜೇಬಲ್ಲೇ ಇರ್ಲಿ. ಅಮ್ಮನನ್ನ ಕಳ್ಕೊಂಡು ಇನ್ನೂ ಎರಡು ತಿಂಗಳಾಗಿಲ್ಲ, ಅಷ್ಟರಲ್ಲೇ ಹಿಂಗೆ ಅಲೆದಾಡೋ ಹಂಗಾಯ್ತಲ್ಲ ಅಂತ ನಿಮ್ಮ ಕಾಗದ ಓದಿ ಸಂಕಟ ಆಯ್ತು.

ನಿಮ್ಮೂರ ವಿಎ ಹೇಳಿದ್ದು ಸರಿಯಾಗೇ ಇದೆ, ಯಾಕೆ ಅಂತ ಬಿಡಿಸಿ ಹೇಳಿ, ಎಲ್ಲಿಗೆ ಹೋಗ್ಬೇಕು ಅಂತ ದಾರಿನೂ ತೋರ್ಸಿದ್ರೆ ನೀವು ಇಷ್ಟು ಸುತ್ತಬೇಕಾಗಿರ್ಲಿಲ್ಲ. ಜನನ ಮರಣ ನೋಂದಣಿ ನಡೆಯೋದು 1969ರ ಕಾಯ್ದೆ ಪ್ರಕಾರ. ಅದರಲ್ಲಿ ಸತ್ತವರು ಯಾವೂರವರು, ರೇಷನ್ ಕಾರ್ಡ್ ಎಲ್ಲಿದೆ, ಎಲ್ಲಿ ಮಣ್ಣು ಮಾಡಿದ್ರು ಇದ್ಯಾವುದೂ ಲೆಕ್ಕಕ್ಕೆ ಬರಲ್ಲ, ಜೀವ ಹೋಗಿದ್ದು ಎಲ್ಲಿ ಅನ್ನೋದೊಂದೇ ಲೆಕ್ಕ. ನಿಮ್ಮಮ್ಮ ಹಾಸನ ಜಿಲ್ಲೆಯವರೇ, ಮಣ್ಣಾಗಿದ್ದೂ ಹಾಸನ ಜಿಲ್ಲೆಯಲ್ಲೇ, ಆದ್ರೆ ಕೊನೆ ಉಸಿರು ಬಿಟ್ಟಿದ್ದು ಚಿಕ್ಕಮಗಳೂರು ಪೇಟೆಯಲ್ಲಿ, ಹಂಗಾಗಿ ಅವರ ಮರಣ ಪತ್ರ ಹುಟ್ಟಬೇಕಾಗಿರೋದು ಚಿಕ್ಕಮಗಳೂರು ನಗರಸಭೆಯ ಜನನ ಮರಣ ವಿಭಾಗದಲ್ಲಿ. ಬೇಲೂರಿನ ಕಡೆಯವರಿಗೆ ಹಾಸನಕ್ಕಿಂತ ಚಿಕ್ಕಮಗಳೂರೇ ಹತ್ರ, ಕಾಯಿಲೆ ಕಸಾಲೆ ಅಂದ್ರೆ ಆ ಕಡೆಗೇ ಗಾಡಿ ತಿರುಗ್ಸೋದು, ಹಂಗಾಗಿ ನಿಮ್ಮ ಭಾಗದಲ್ಲಿ ಈ ಗೊಂದಲ ಬರೋದು ಸಹಜ.

ಇನ್ನು ಲೇಟ್ ಆಯ್ತು ಅನ್ನೋ ವಿಷಯ. ಮನೇಲಿ ತೀರ್ಕೊಂಡ್ರೆ ಮನೆ ಯಜಮಾನರು ಹೋಗಿ ಬರೆಸ್ಬೇಕು, ಆಸ್ಪತ್ರೆಯಲ್ಲಿ ತೀರ್ಕೊಂಡ್ರೆ ಬರೆಸೋ ಜವಾಬ್ದಾರಿ ಆಸ್ಪತ್ರೆಯದ್ದು, ನಿಮ್ಮದಲ್ಲ. ನಮೂನೆ 2 ಅಂತ ಒಂದು ಫಾರಂ ಇದೆ, ಅದನ್ನ ತುಂಬಿ 21 ದಿನದೊಳಗೆ ಆಸ್ಪತ್ರೆಯವರೇ ಕಳಿಸ್ಬೇಕು. ಕಳಿಸಿದ್ರೆ ನಿಮ್ಮಮ್ಮನ ಹೆಸರು ರಿಜಿಸ್ಟರಲ್ಲಿ ಆಗ್ಲೇ ಕೂತಿರುತ್ತೆ, ನೀವು 45 ದಿನಕ್ಕೆ ಹೋದ್ರೂ 450 ದಿನಕ್ಕೆ ಹೋದ್ರೂ ಅದು ತಡ ಅಲ್ಲ, ಪ್ರತಿ ತಗೊಂಡು ಬರೋದಷ್ಟೇ ಕೆಲಸ. ಹಂಗಾಗಿ ಸೋಮವಾರನೋ ಮಂಗಳವಾರನೋ ಬಿಡುವು ಮಾಡ್ಕೊಂಡು ಡಿಸ್ಚಾರ್ಜ್ ಕಾಗದ, ಅದರ ಮೇಲಿನ ಐಪಿ ನಂಬರ್ (ಒಳರೋಗಿ ನಂಬರ್), ಅಮ್ಮನ ಆಧಾರ್, ನಿಮ್ಮ ಆಧಾರ್ ಹಿಡ್ಕೊಂಡು ನಗರಸಭೆಗೆ ಹೋಗಿ, ಇಂಥ ತಾರೀಕು ಇಂಥ ಆಸ್ಪತ್ರೆಯಿಂದ ಬಂದಿರೋ ಎಂಟ್ರಿ ಹುಡುಕಿಕೊಡಿ ಅಂತ ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಆಗಿದ್ರೆ ಸಾಮಾನ್ಯವಾಗಿ ಅಲ್ಲೇ ನೋಂದಣಿ ಆಗುತ್ತೆ, ಅಂಥವರು ಮೊದಲು ಆಸ್ಪತ್ರೆಯಲ್ಲೇ ವಿಚಾರಿಸಿ.

ಒಂದು ವೇಳೆ ಆಸ್ಪತ್ರೆಯವರು ಕಳಿಸೇ ಇಲ್ಲ ಅಂತ ಗೊತ್ತಾದ್ರೆ ಬಾಯಲ್ಲಿ ಜಗಳ ಆಡ್ಬೇಡಿ, ಒಂದು ಹಾಳೆಯಲ್ಲಿ ಅರ್ಜಿ ಬರೆದು ಕೊಟ್ಟು ಇನ್ನೊಂದು ಪ್ರತಿಗೆ ಸೀಲು ಹಾಕಿಸ್ಕೊಳ್ಳಿ. ಆಗ ತಡ ನೋಂದಣಿ ಆಗುತ್ತೆ ನಿಜ, ಆದ್ರೂ ಕೋರ್ಟ್ ಮಾತಿಲ್ಲ. 21ರಿಂದ 30 ದಿನದೊಳಗೆ ಬರೀ ತಡದ ಶುಲ್ಕ, 30 ದಿನದಿಂದ ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ, ನಮ್ಮಲ್ಲಿ ಅದಕ್ಕೆ ತಹಶೀಲ್ದಾರ್ ಕಚೇರಿಗೆ ಹೋಗೋದು. ಹೆದರ್ಸಿದವರು ಹಳೇ ಕಾಲದ ಮಾತು ಹೇಳಿರ್ಬೇಕು, ಅದು ಯಾಕೆ ಅಂತ ಮುಂದೆ ತರೀಕೆರೆಯವರ ಪ್ರಶ್ನೆಯಲ್ಲಿ ಬರುತ್ತೆ.

ಇನ್ನೊಂದು ಮಾತು, ಊರಲ್ಲೇ ಬೇಗ ಆಗ್ಲಿ ಅಂತ ಮನೇಲೇ ತೀರ್ಕೊಂಡ್ರು ಅಂತ ಬರೆಸೋಕೆ ಮಾತ್ರ ಹೋಗ್ಬೇಡಿ. ಯಾರಾದ್ರೂ ಪುಣ್ಯಾತ್ಮರು ಈ ಐಡಿಯಾ ಕೊಟ್ಟೇ ಕೊಡ್ತಾರೆ. ಸುಳ್ಳು ಮಾಹಿತಿ ಕೊಡೋದು ಇದೇ ಕಾಯ್ದೆಯಲ್ಲಿ ಅಪರಾಧ, ಅದು ಬಿಟ್ರೂ ನಾಳೆ ಆಸ್ಪತ್ರೆಯ ಎಂಟ್ರಿ ಒಂದು ಊರಿನ ಎಂಟ್ರಿ ಇನ್ನೊಂದು ಅಂತ ಒಬ್ಬರಿಗೇ ಎರಡು ಮರಣ ಪತ್ರ ಆಗಿ ಕೂತ್ರೆ, ಪೌತಿ ಖಾತೆ, ಅಂದ್ರೆ ಸತ್ತವರ ಜಮೀನನ್ನ ವಾರಸುದಾರರ ಹೆಸರಿಗೆ ಮಾಡ್ಸೋ ಹೊತ್ತಲ್ಲಿ ದಾಯಾದಿಗಳು ಅದನ್ನೇ ಹಿಡ್ಕೊಂಡು ತಕರಾರು ಹಾಕ್ತಾರೆ.

ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳ್ಬೇಕಾಗಿರೋ ವಿಷಯ, ಹೆಸರು. ನಮ್ಮಪ್ಪ ಹೋದಾಗ ಆ ದುಃಖದಲ್ಲಿ ನಾನೂ ನಮ್ಮಣ್ಣನೂ ಕೊಟ್ಟ ಕಡೆ ಸಹಿ ಹಾಕಿ ಬಂದ್ವಿ. ಕೈಗೆ ಪತ್ರ ಬಂದಾಗ ತಾರೀಕು ಸರಿ ಇದ್ಯಾ ಅಂತ ನೋಡಿ ಮಡಿಸಿಟ್ವಿ ಅಷ್ಟೇ. ಆಮೇಲೆ ಬ್ಯಾಂಕಲ್ಲಿ ಟೇಬಲ್ ಮೇಲೆ ನಾಲ್ಕು ಕಾಗದ ಪಕ್ಕಪಕ್ಕ ಇಟ್ಟಾಗ ಕಣ್ಣಿಗೆ ಬಿತ್ತು. ಪಾಸ್‌ಬುಕ್ಕಲ್ಲಿ ಅಪ್ಪನ ಹೆಸರಿನ ಕೊನೆಗೆ ಗೌಡ ಅಂತ ಇದೆ, ಆಧಾರಲ್ಲಿ ಗೌಡ ಇಲ್ಲ, ಮುಂದೆ ಎರಡು ಇನಿಷಿಯಲ್ ಇದೆ, ಪಹಣಿಯಲ್ಲಿ ಬಿನ್ ಅಂತ ಹಾಕಿ ತಾತನ ಹೆಸರಿದೆ, ಮರಣ ಪತ್ರದಲ್ಲಿ ಇನಿಷಿಯಲ್ಲೂ ಇಲ್ಲ, ಗೌಡನೂ ಇಲ್ಲ, ಬರೀ ಮೋಟು ಹೆಸರು. ಆ ಎರಡಕ್ಷರದ ಗೌಡ ಸೇರಿಸೋಕೆ ಒಂದು ಕಚೇರಿಗೆ ಐದು ತಿಂಗಳು ಅಲೆದಿದ್ದೀವಿ, ನಮ್ಮಣ್ಣ ಕಾಫಿ ಕುಯ್ಲು ಬಿಟ್ಟು ಬಸ್ ಹತ್ತಿದ ದಿನಗಳೇ ಎಷ್ಟೋ.

ಅದಕ್ಕೇ ಹೇಳ್ತೀನಿ, ನೋಂದಣಿಗೆ ಮೊದಲು ಕಂಪ್ಯೂಟರಲ್ಲಿ ತುಂಬ್ತಾರಲ್ಲ, ಇ-ಜನ್ಮ ತಂತ್ರಾಂಶದಲ್ಲಿ, ಆವಾಗ ಒಂದ್ಸಲ ತೋರಿಸಿ ಅಂತ ಕೇಳಿ. ಕನ್ನಡದಲ್ಲೂ ಓದಿ, ಇಂಗ್ಲಿಷಲ್ಲೂ ಓದಿ. ಅಮ್ಮಂದಿರ ವಿಷಯದಲ್ಲಿ ಇನ್ನೂ ಹುಷಾರಾಗಿರ್ಬೇಕು, ಪಹಣಿಯಲ್ಲಿ ಕೋಂ ಅಂತ ಗಂಡನ ಹೆಸರು ಇರುತ್ತೆ, ತವರಿನ ಕಾಗದದಲ್ಲಿ ಒಂದು ಹೆಸರು, ಮದುವೆ ಆದ್ಮೇಲೆ ಕರೆಯೋದು ಇನ್ನೊಂದು ಹೆಸರು. ಜಮೀನಿರೋದ್ರಿಂದ ಪಹಣಿ ಪ್ರತಿನೂ ಜೊತೆಗಿರ್ಲಿ. ನಿಮ್ಮದು ಆಗ್ಲೇ ನೋಂದಣಿ ಆಗಿ ತಪ್ಪು ಬಂದಿದ್ರೆ ತಿದ್ದಿಸೋಕೆ ದಾರಿ ಇದೆ. ಕಾಯ್ದೆಯ 15ನೇ ಕಲಂ ಅದಕ್ಕೇ ಇರೋದು, ಬರೆಯೋವಾಗ ಆದ ಕೈತಪ್ಪಾದ್ರೆ ನೋಂದಣಾಧಿಕಾರಿಯೇ ಸರಿ ಮಾಡ್ಬಹುದು, ಅದಕ್ಕಿಂತ ದೊಡ್ಡದಾದ್ರೆ ವಿಷಯ ಗೊತ್ತಿರೋ ಇಬ್ಬರು ನಂಬಿಕಸ್ಥರ ಹೇಳಿಕೆ ಬೇಕು. ಹಳೇ ಎಂಟ್ರಿ ಅಳಿಸಲ್ಲ, ಪಕ್ಕದ ಅಂಚಲ್ಲಿ ಸರಿಯಾದದ್ದು ಬರೆದು ಸಹಿ ತಾರೀಕು ಹಾಕ್ತಾರೆ. ಆಗಲ್ಲ ಅಂದ್ರೆ ಬರವಣಿಗೆಯಲ್ಲಿ ಹಿಂಬರಹ ಕೊಡಿ ಅಂತ ಕೇಳಿ. 2023ರ ತಿದ್ದುಪಡಿ ಆದ್ಮೇಲೆ ನೋಂದಣಾಧಿಕಾರಿ ಆದೇಶದ ಮೇಲೆ 30 ದಿನದೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಹಾಕ್ಬಹುದು, ಅವರು 90 ದಿನದಲ್ಲಿ ತೀರ್ಮಾನ ಮಾಡ್ಬೇಕು.

ಪತ್ರ ಬಂದ ಮೇಲೆ ಪೌತಿ ಖಾತೆಗೆ ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸ್ಕೊಂಡು ಅರ್ಜಿ ಹಾಕಿ. ಅದು ದೊಡ್ಡ ಕತೆ, ಇನ್ನೊಂದ್ಸಲ ಬರೀತೀನಿ. ಒಂದು ಮಾತ್ರ ಈಗ್ಲೇ ಪಾಸ್‌ಬುಕ್ ತೆಗೆದು ನೋಡಿ, ವರ್ಷಕ್ಕೊಮ್ಮೆ 436 ರೂಪಾಯಿ ಕಟ್ ಆಗಿದ್ರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ ಇರ್ಬಹುದು, 2 ಲಕ್ಷದ್ದು, 55 ವರ್ಷದವರೆಗೆ ಅದರ ರಕ್ಷಣೆ ಇರುತ್ತೆ. ಎಷ್ಟೋ ಮನೆಯವರಿಗೆ ಅಂಥದ್ದೊಂದು ಇತ್ತು ಅಂತಾನೇ ಗೊತ್ತಿರಲ್ಲ.

ಪ್ರಶ್ನೆ (ಸಕಲೇಶಪುರ ತಾಲೂಕಿಂದ): ನಾನು ಒಂದು ಕಾಫಿ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್. ಅಸ್ಸಾಂ ಕಡೆಯಿಂದ ಬಂದಿದ್ದ ಕೆಲಸಗಾರ ಒಬ್ಬ ಲೈನ್ ಮನೇಲಿ ರಾತ್ರಿ ಮಲಗಿದವನು ಬೆಳಿಗ್ಗೆ ಏಳ್ಲಿಲ್ಲ. ಪೊಲೀಸ್ ಬಂದು ಪೋಸ್ಟ್‌ಮಾರ್ಟಂ ಎಲ್ಲಾ ಆಯ್ತು. ಹೆಂಡ್ತಿ ಊರಲ್ಲಿದ್ದಾಳೆ, ಫೋನಲ್ಲಿ ಅಳ್ತಾಳೆ, ಅಲ್ಲಿ ಮರಣ ಪತ್ರ ಕೇಳ್ತಿದ್ದಾರಂತೆ. ಅವರ ಮನೆಯವರು ಬಂದೇ ಮಾಡಿಸ್ಬೇಕಾ?

ಉತ್ತರ: ಬೇಡ. ನೀವು ಕೇಳಿದ್ದು ತುಂಬಾ ಒಳ್ಳೇದಾಯ್ತು, ನಮ್ಮ ಮಲೆನಾಡಲ್ಲಿ ಎಲ್ಲರಿಗೂ ಗೊತ್ತಿರ್ಬೇಕಾದ ವಿಷಯ ಇದು. ಆ ಕಾಯ್ದೆಯ 9ನೇ ಕಲಂ ಪೂರ್ತಿ ಪ್ಲಾಂಟೇಷನ್‌ಗೇ ಮೀಸಲು. 4 ಹೆಕ್ಟೇರಿಗೆ ಕಮ್ಮಿ ಇಲ್ಲದ, ಅಂದ್ರೆ ಸುಮಾರು 10 ಎಕರೆಯ, ಕಾಫಿ, ಟೀ, ಮೆಣಸು, ಏಲಕ್ಕಿ, ರಬ್ಬರ್ ಬೆಳೆಯೋ ತೋಟದಲ್ಲಿ ಯಾರಾದ್ರೂ ಹುಟ್ಟಿದ್ರೆ ಸತ್ರೆ ಅದನ್ನ ನೋಂದಣಾಧಿಕಾರಿಗೆ ತಿಳಿಸಬೇಕಾದವರು ತೋಟದ ಕೆಲಸಗಾರರ ಮೇಲ್ವಿಚಾರಣೆ ಇರೋರು, ಅವರನ್ನ ಮ್ಯಾನೇಜರ್ ಅನ್ನಿ, ಸೂಪರಿಂಟೆಂಡೆಂಟ್ ಅನ್ನಿ, ಯಾವ ಹೆಸರಲ್ಲಿ ಕರೆದ್ರೂ ಸರಿ. ಅಂದ್ರೆ ನಿಮ್ಮ ಮ್ಯಾನೇಜರ್ ಕೆಲಸ. ಗ್ರಾಮ ಪಂಚಾಯಿತಿಗೋ ವಿಎ ಹತ್ರಾನೋ ಹೋಗಿ, ಪೊಲೀಸರ ಯುಡಿಆರ್ (ಅಸಹಜ ಸಾವಿನ ವರದಿ) ನಂಬರ್, ಪೋಸ್ಟ್‌ಮಾರ್ಟಂ ಕಾಗದ, ಅವನ ಆಧಾರ್ ಕೊಟ್ಟು ಬರೆಸಿ. ಸತ್ತ ಸ್ಥಳ ಅನ್ನೋ ಕಡೆ ನಿಮ್ಮ ಎಸ್ಟೇಟಿನ ಊರು ಬರುತ್ತೆ, ಕಾಯಂ ವಿಳಾಸ ಅನ್ನೋ ಕಡೆ ಅಸ್ಸಾಮಿನ ಊರು ಬರ್ಲೇಬೇಕು, ಇದನ್ನ ಬಿಟ್ಟು ಎರಡೂ ಕಡೆ ಎಸ್ಟೇಟ್ ವಿಳಾಸ ಹಾಕಿಬಿಟ್ರೆ ಅಲ್ಲಿ ಆ ಹೆಣ್ಣುಮಗಳು ಇದು ನನ್ನ ಗಂಡನದ್ದೇ ಅಂತ ತೋರ್ಸೋಕೆ ಒದ್ದಾಡ್ಬೇಕಾಗುತ್ತೆ. ಅವನ ಹೆಸರನ್ನ ನೀವು ಮಸ್ಟರ್ ರೋಲಲ್ಲಿ ಬರ್ಕೊಂಡಂಗೆ ಬರೆಸ್ಬೇಡಿ, ನಮ್ಮ ಬಾಯಿಗೆ ಸಿಕ್ಕಂಗೆ ತಿರುಚಿರ್ತೀವಿ, ಆಧಾರಲ್ಲಿ ಇಂಗ್ಲಿಷಲ್ಲಿ ಹೆಂಗಿದೆಯೋ ಹಂಗೇ ಇರ್ಲಿ. ಅಪ್ಪನ ಹೆಸರು, ಹೆಂಡ್ತಿ ಹೆಸರು ಫೋನಲ್ಲಿ ಕೇಳಿ ಅವಳ ಆಧಾರಿನ ಫೋಟೋ ವಾಟ್ಸಾಪಲ್ಲಿ ತರಿಸ್ಕೊಂಡು ನೋಡಿ ಬರೆಸಿ. ಪತ್ರದ ಮೂರ್ನಾಲ್ಕು ಪ್ರತಿ ಸ್ಪೀಡ್ ಪೋಸ್ಟಲ್ಲಿ ಕಳಿಸ್ಕೊಡಿ. ಸಂಬಳದ ಬಾಕಿ, ಪಿಎಫ್ ಇದ್ರೆ ಅದೂ ಈ ಪತ್ರದ ಮೇಲೇ ನಿಂತಿರುತ್ತೆ.

ಪ್ರಶ್ನೆ (ತರೀಕೆರೆ ತಾಲೂಕಿಂದ): ನಮ್ಮ ತಾತ 1994ರಲ್ಲಿ ಮನೇಲೇ ತೀರ್ಕೊಂಡಿದ್ದು, ಆಗ ಯಾರೂ ಬರೆಸಿಲ್ಲ. ಪಹಣಿ ಇನ್ನೂ ತಾತನ ಹೆಸರಲ್ಲೇ ಇದೆ. ಈಗ ಮರಣ ಪತ್ರ ಸಿಗುತ್ತಾ?

ಉತ್ತರ: ಸಿಗುತ್ತೆ, ಸ್ವಲ್ಪ ತಾಳ್ಮೆ ಬೇಕು. ಯಾರೂ ಬರೆಸಿಲ್ಲ ಅಂತ ನೀವಂದ್ಕೊಂಡಿದ್ದೀರ, ಆಗಿನ ಗ್ರಾಮ ಲೆಕ್ಕಿಗರು ತಾವೇ ಬರ್ಕೊಂಡಿದ್ರೂ ಬರ್ಕೊಂಡಿರ್ಬಹುದು. ಮೊದಲು ತಾಲೂಕು ಕಚೇರಿ ರೆಕಾರ್ಡ್ ರೂಮಲ್ಲಿ ನಿಮ್ಮೂರಿನ ಆ ವರ್ಷದ ಮರಣ ರಿಜಿಸ್ಟರ್ ಹುಡುಕಿಸಿ, ಹಿಂದಿನ ವರ್ಷ ಮುಂದಿನ ವರ್ಷದ್ದೂ ನೋಡ್ಸಿ, ಮನೆಯವರ ನೆನಪಿನ ಇಸವಿ ಆಚೆ ಈಚೆ ಆಗಿರುತ್ತೆ. ಸಿಕ್ಕಿಬಿಟ್ರೆ ದೃಢೀಕೃತ ನಕಲು ತಗೊಂಡ್ರೆ ಮುಗೀತು.

ಇಲ್ಲ ಅಂದ್ರೆ ನಮ್ಮ ದಾಖಲೆಯಲ್ಲಿ ಇಲ್ಲ ಅಂತ ನಮೂನೆ 10ರಲ್ಲಿ ಬರೆದುಕೊಡಿ ಅಂತ ಕೇಳಿ, ಮುಂದಿನ ಎಲ್ಲಾದಕ್ಕೂ ಅದೇ ಬುಡ. ಒಂದು ವರ್ಷ ದಾಟಿದ ಸಾವಿಗೆ ಮೊದಲೆಲ್ಲಾ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಿ ಆದೇಶ ತರಬೇಕಿತ್ತು, ವಕೀಲರು, ವಾಯಿದೆ, ಸಾಕ್ಷಿ ಅಂತ ತಿಂಗಳುಗಟ್ಟಲೆ. ಮೇಲೆ ಬೇಲೂರಿನವರಿಗೆ ಕೋರ್ಟ್ ಅಂತ ಹೆದರ್ಸಿದವರ ತಲೇಲಿ ಇದ್ದಿದ್ದು ಇದೇ ಇರ್ಬೇಕು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಆ ಅಧಿಕಾರ ಜಿಲ್ಲಾ ದಂಡಾಧಿಕಾರಿ (ಡಿಸಿ), ಉಪವಿಭಾಗ ದಂಡಾಧಿಕಾರಿ (ಎಸಿ), ಇಲ್ಲಾಂದ್ರೆ ಡಿಸಿ ಅವರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಬಂದಿದೆ. ನಿಮಗೆ ಎಸಿ ಕಚೇರಿ ತರೀಕೆರೆಯಲ್ಲೇ ಇದೆ, ಅಲ್ಲಿ ವಿಚಾರಿಸಿ. ಮೂಡಿಗೆರೆ ಕಡೆಯವರಾಗಿದ್ರೆ ಚಿಕ್ಕಮಗಳೂರಿಗೆ ಬರ್ಬೇಕಿತ್ತು.

ತಾತ ಇಂಥ ದಿನ ಹೋದ್ರು ಅಂತ ತೋರ್ಸೋ ಏನೇ ಇದ್ರೂ ಒಟ್ಟು ಮಾಡಿ. ಹಳೇ ಟ್ರಂಕು, ದೇವರ ಮನೆ ಮೇಲಿನ ಅಟ್ಟ, ಎಲ್ಲಾ ಕಡೆ ಹುಡುಕಿ. ತಿಥಿಗೆ ಅಚ್ಚು ಹಾಕ್ಸಿದ ಕಾರ್ಡ್ ಒಂದು ಸಿಕ್ರೆ ಅದರಲ್ಲಿ ತಾರೀಕು ಇರುತ್ತೆ. ಸಮಾಧಿ ಮೇಲೆ ಕಲ್ಲು ಹಾಕ್ಸಿದ್ರೆ ಅದರ ಫೋಟೋ, ಪಿಂಚಣಿ ನಿಂತ ಕಾಗದ, ಸೊಸೈಟಿ ಸಾಲದ ಪುಸ್ತಕ, ಹೆಸರು ತೆಗೆದ ಹಳೇ ರೇಷನ್ ಕಾರ್ಡ್, ಏನಾದ್ರೂ ಆಗುತ್ತೆ. ಊರಲ್ಲಿ ಮಣ್ಣಿಗೆ ಹೋಗಿದ್ದ ಹಿರಿಯರು ಇನ್ನೂ ಒಬ್ರಿಬ್ರು ಇದ್ರೆ ಅವರ ಹೇಳಿಕೆಗೆ ತುಂಬಾ ಬೆಲೆ, ಅವರಿರೋವಾಗಲೇ ಬರೆಸ್ಕೊಳ್ಳಿ, ಇದನ್ನ ಮುಂದೂಡ್ಬೇಡಿ. ಆದೇಶ ಆದ್ಮೇಲೆ ಅದನ್ನ ತಗೊಂಡು ನಿಮ್ಮೂರ ನೋಂದಣಾಧಿಕಾರಿಗೆ ಕೊಟ್ಟಾಗ ಎಂಟ್ರಿ ಆಗಿ ಪತ್ರ ಬರುತ್ತೆ, ಆದೇಶವೇ ಮರಣ ಪತ್ರ ಅಂದ್ಕೊಂಡು ಅಲ್ಲಿಗೇ ನಿಲ್ಲಿಸ್ಬೇಡಿ.

ಪ್ರಶ್ನೆ (ಮೂಡಿಗೆರೆ ತಾಲೂಕಿಂದ): ಅಪ್ಪನನ್ನ ಆಂಬುಲೆನ್ಸಲ್ಲಿ ಮಂಗಳೂರಿಗೆ ಕರ್ಕೊಂಡು ಹೋಗ್ತಿದ್ವಿ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯಲ್ಲೇ ಉಸಿರು ನಿಂತುಹೋಯ್ತು. ಕೆಳಗೆ ಉಜಿರೆಯಲ್ಲಿ ಆಸ್ಪತ್ರೆಗೆ ತೋರ್ಸಿದ್ವಿ, ಬರೋವಾಗಲೇ ಜೀವ ಹೋಗಿತ್ತು ಅಂದ್ರು. ಇದು ಯಾವೂರಿನ ಸಾವು ಅಂತ ಬರೆಸೋದು?

ಉತ್ತರ: ಆ ತಿರುವುಗಳಲ್ಲಿ ಅಪ್ಪನ ಕೈ ಹಿಡ್ಕೊಂಡು ಕೂತಿದ್ದ ನಿಮ್ಮ ಸ್ಥಿತಿ ನೆನೆಸ್ಕೊಂಡ್ರೆ ಮಾತೇ ಬರಲ್ಲ. ಓಡೋ ಗಾಡಿಯಲ್ಲಿ ಜೀವ ಹೋದ್ರೆ ಏನ್ ಮಾಡ್ಬೇಕು ಅಂತ ನಿಯಮದಲ್ಲೇ ಇದೆ, ಗಾಡಿ ಮೊದಲು ನಿಂತ ಜಾಗದಲ್ಲಿ ತಿಳಿಸ್ಬೇಕು, ತಿಳಿಸ್ಬೇಕಾದವರು ಗಾಡಿಯ ಜವಾಬ್ದಾರಿ ಇರೋರು. ನೀವು ಬರೆದಿರೋ ಪ್ರಕಾರ ಮೊದಲು ನಿಂತಿದ್ದು ಉಜಿರೆಯಲ್ಲಾದ್ರೆ ಅಲ್ಲಿನ ನೋಂದಣಾಧಿಕಾರಿ ಹತ್ರ ಹೋಗಿ. ಆಸ್ಪತ್ರೆಯವರು ಬರೆದುಕೊಟ್ಟ ಚೀಟಿ, ಆಂಬುಲೆನ್ಸ್ ಟ್ರಿಪ್ ಶೀಟು, ಡ್ರೈವರ್ ಹೇಳಿಕೆ ಜೊತೆಗಿರ್ಲಿ. ನೀವು 12 ದಿನ ಆಯ್ತು ಅಂತ ಬರೆದಿದ್ದೀರ, ಈ ಸಂಚಿಕೆ ಕೈಗೆ ಬರೋ ಹೊತ್ತಿಗೆ 21 ದಿನ ಹತ್ರ ಬಂದಿರುತ್ತೆ ಅಂತ ನಿಮಗೆ ಬೇರೆಯಾಗಿ ಕಾಗದನೂ ಹಾಕಿದ್ದೀನಿ. ಉಳಿದವರಿಗೂ ಹೇಳೋದು ಇದೇ, ನಮ್ಮ ಕಡೆ ಹನ್ನೊಂದು ದಿನ ತಿಥಿ ಮುಗಿಯೋವರೆಗೂ ಕಾಗದದ ಮಾತೇ ಎತ್ತಲ್ಲ, ಎತ್ತಲೂಬಾರ್ದು ಅನ್ನೋರಿದ್ದಾರೆ, ಅದು ಸರಿನೇ, ಆದ್ರೆ ತಿಥಿ ಆದ್ಮೇಲೆ ಉಳಿಯೋದು ಹತ್ತೇ ದಿನ. ಮಕ್ಕಳೇ ಹೋಗ್ಬೇಕು ಅಂತಿಲ್ಲ, ಅಳಿಯನೋ ತಮ್ಮನೋ ಯಾರಾದ್ರೂ ಹತ್ರದವರು ಆ ಕೆಲಸ ತಲೆ ಮೇಲೆ ಹಾಕ್ಕೊಳ್ಳಿ.

ಪ್ರಶ್ನೆ (ಚಿಕ್ಕಮಗಳೂರಿಂದ): ವಿಮೆಯವರು ಸರ್ಟಿಫೈಡ್ ಮರಣ ಪತ್ರ ಬೇಕು ಅಂತಾರೆ. ಜೆರಾಕ್ಸ್ ಮೇಲೆ ಗೆಜೆಟೆಡ್ ಆಫೀಸರ್ ಸಹಿ ಹಾಕಿಸಿದ್ರೆ ಆಗುತ್ತಾ? ಒಂದೇ ಒರಿಜಿನಲ್ ಇದೆ.

ಉತ್ತರ: ನೋಂದಣಾಧಿಕಾರಿ ಕೊಡೋ ಪತ್ರವೇ ಸರ್ಟಿಫೈಡ್, ಅದು ರಿಜಿಸ್ಟರಿನ ದೃಢೀಕೃತ ಪ್ರತಿ, ಸಾಕ್ಷ್ಯವಾಗಿ ಒಪ್ಪೋಂಥದ್ದು ಅಂತ ಕಾಯ್ದೆಯ 17ನೇ ಕಲಂ ಹೇಳುತ್ತೆ. ಈಗಿನದ್ದರಲ್ಲಿ ಡಿಜಿಟಲ್ ಸಹಿ, ಕ್ಯೂಆರ್ ಕೋಡ್ ಇರುತ್ತೆ. ಹಂಗಾಗಿ ಜೆರಾಕ್ಸಿಗೆ ಸಹಿ ಹಾಕಿಸ್ತಾ ಅಲೆಯೋ ಬದಲು ಅಲ್ಲೇ ಇನ್ನೊಂದಿಷ್ಟು ಪ್ರತಿ ತಗೊಳ್ಳಿ. ಮೊದಲನೇ ಪ್ರತಿ ಮಾಹಿತಿ ಕೊಟ್ಟವರಿಗೆ ಉಚಿತ, ನೋಂದಣಿ ಆಗಿ 7 ದಿನದೊಳಗೆ ಕೊಡ್ಬೇಕು. ಮೇಲಿನ ಪ್ರತಿಗಳಿಗೆ ನಿಗದಿ ಶುಲ್ಕ ಕಟ್ಟಿ ರಸೀದಿ ತಗೊಳ್ಳಿ. ಸರ್ಕಾರದ ಸಕಾಲ ಯೋಜನೆಯಲ್ಲಿ ಅರ್ಜಿ ಹಾಕಿದ್ರೆ ಜಿಎಸ್‌ಸಿ ನಂಬರ್ (ಅರ್ಜಿಯ ಸಂಖ್ಯೆ) ಕೇಳಿ ಇಸ್ಕೊಳ್ಳಿ, ಆ ನಂಬರ್ ಇದ್ರೆ ಅರ್ಜಿ ಎಲ್ಲಿದೆ ಅಂತ ನೋಡ್ಬಹುದು.

ಸಾವಿನ ಕಾರಣ ಈ ಪತ್ರದಲ್ಲಿ ಇರಲ್ಲ, ಇರಕೂಡದು ಅಂತ ಕಾಯ್ದೆನೇ ಇದೆ. ವಿಮೆಯವರು ಕಾರಣ ಕೇಳಿದ್ರೆ ಪತ್ರ ತಪ್ಪಾಗಿದೆ ಅಂತ ವಾಪಸ್ ಓಡ್ಬೇಡಿ, ಅದಕ್ಕೆ ಡಾಕ್ಟರ್ ಬರೆಯೋ ಬೇರೆ ಸರ್ಟಿಫಿಕೇಟಿದೆ, ಆಸ್ಪತ್ರೆಯಲ್ಲಾದ್ರೆ ನಮೂನೆ 4, ಮನೇಲಾದ್ರೆ 4ಎ, ಹತ್ತಿರದ ಬಂಧುವಿಗೆ ಅದರ ಪ್ರತಿ ದುಡ್ಡಿಲ್ಲದೆ ಕೊಡ್ಬೇಕು. ಆರು ಪ್ರತಿ ಇಟ್ಕೊಂಡ್ರೆ ಸಾಮಾನ್ಯ ಒಂದು ಮನೆಗೆ ಸಾಕಾಗುತ್ತೆ, ಬ್ಯಾಂಕು, ವಿಮೆ, ಪೌತಿ ಖಾತೆ, ಪಿಂಚಣಿ, ರೇಷನ್ ಕಾರ್ಡ್, ಮನೇಲಿ ಒಂದು. ಒಂದು ನೋಟ್‌ಬುಕ್ ಹಾಳೇಲಿ ಯಾವ ಪ್ರತಿ ಯಾವ ತಾರೀಕು ಯಾರ ಕೈಗೆ ಕೊಟ್ವಿ ಅಂತ ಬರೆದು ಅದೇ ಫೈಲಲ್ಲಿ ಇಡಿ, ಕೊನೇ ಪ್ರತಿಯನ್ನ ಮಾತ್ರ ಯಾರಿಗೂ ಕೊಡ್ಬೇಡಿ.